ಮೊದಲು ಹತ್ತುವುದು ಮರಳಿನ ಮೂಟೆ

ಮುಂಬಯಿ ಮಹಾನಗರದಲ್ಲಿ ನೆಲೆಸಿರುವ ನಮ್ಮ ನಾಡಿನ ಕುಟುಂಬಗಳ ಆಹ್ವಾನದ ಮೇರೆಗೆ ಪ್ರವಚನಕ್ಕೆಂದು ಆಗಾಗ ಅಲ್ಲಿಗೆ ಹೋಗಿಬರುವ ಸುಯೋಗ ನಮಗೆ ಒದಗುತ್ತ ಬಂದಿದೆ. 2017ನೆಯ ಇಸವಿಯ ಮಳೆಗಾಲ ಮುಗಿಯುವ ದಿನಗಳಲ್ಲಿ ನಾವು ಬೋರಿವಲಿಯ ಒಂದು ಮನೆಯಲ್ಲಿ ಇಳಿದುಕೊಂಡಿದ್ದೆವು. ಬಾಗಲಕೋಟೆಯ ಕಡೆಯಿಂದ ಹೋಗಿ ಮೂರು ತಲೆಮಾರಿನಿಂದ ಅಲ್ಲಿಯೇ ಬೇರೂರಿದ ಕುಟುಂಬವದು. ಮನೆಯ ಹಿಂಬದಿಯ ಮೊಗಸಾಲೆಯಲ್ಲಿ ನಿಂತರೆ ಪಶ್ಚಿಮ ರೈಲ್ವೆಯ ಹಳಿಗಳು ಕಾಣುತ್ತಿದ್ದವು. ಮನೆಯ ಹಿರಿಯ ತಾಯಿಯವರು ಎಂಬತ್ತರ ಅಂಚಿನವರು. ಸಂಜೆಯಾದೊಡನೆ ಅವರು ಅಲ್ಲೊಂದು ಮಣೆ ಹಾಕಿಕೊಂಡು ಕುಳಿತುಬಿಡುವರು. ಚರ್ಚ್‌ಗೇಟಿನ ಕಡೆ ಉದ್ಯೋಗಕ್ಕೆ ಹೋದ ಮೊಮ್ಮಗನು ಮನೆ ಸೇರುವತನಕ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಆ ಹುಡುಗನು ದಿನವೂ ಬಾಗಿಲಿಗೆ ಜೋತುಬಿದ್ದು ಬರುತ್ತಾನೆಂಬುದು ಅವರಿಗೆ ಗೊತ್ತಿತ್ತು.

ಒಂದು ದಿನ ನಾವೂ ಅವರ ಬಳಿ ಕುಳಿತಿದ್ದಾಗ ಬಾಗಿಲುಗಳೆಲ್ಲ ಮುಚ್ಚಿಕೊಂಡ, ಕಿಟಕಿಗಳಿಗೆ ಗಾಜು ಹಾಕಿದ, ಹೊಚ್ಚ ಹೊಸದೊಂದು ಗಾಡಿ ಹಾದುಹೋಯಿತು. ಒಳಗೆ ಪ್ರಯಾಣಿಕರ ಸುಳಿವಿಲ್ಲ. ಅದರ ಹಿಂದೆಯೇ ಬಂದ ನಿತ್ಯದ ಲೋಕಲ್ ಗಾಡಿಯ ಬಾಗಿಲುಗಳಲ್ಲಿ ಜನರು ದ್ರಾಕ್ಷಿ ಗೊಂಚಲಿನಂತೆ ತೂಗಾಡುತ್ತಿದ್ದರು.

“ಗುರುಗಳ, ಆ ಹೊಸಾ ಗಾಡಿ ಹಿಂಗ ಬರಿದ ಅಡ್ಡಾಡೂದನ್ನ ನೋಡಾಕ್ಹತ್ತೀನ್ರಿ. ಮಂದಿ ಜೋತುಬಿದ್ದು ಸಾಯಾಕ್ಹತ್ಯಾರ. ಇದನ್ನ ಬರಿದ ಯಾಕ ಓಡಸ್ತಾರ್ರಿ?” ಎಂದು ಆ ತಾಯಿ ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಕಲಿತ ನಮಗೆ ರೈಲುಗಾಡಿಯ ವಿಷಯವೇನು ತಿಳಿದೀತು? ಆದರೆ ಅವರ ಮಗನು ರೈಲ್ವೆಯ ಕಾರ್‌ಶೆಡ್ಡಿನಲ್ಲಿ ಮೂವತ್ತು ವರುಷ ದುಡಿದು ನಿವೃತ್ತರಾದವರು. ಅಂದು ರಾತ್ರಿ ಊಟವಾದ ಮೇಲೆ ಅವರು ನಮಗೆ ತಿಳಿಯುವಂತೆ ಬಿಡಿಸಿ ಹೇಳಿದ ಸಂಗತಿಗಳು, ಆನಂತರ ನಾವು ಓದಿ ವಿಚಾರಿಸಿ ತಿಳಿದುಕೊಂಡ ಸಂಗತಿಗಳು ಈ ಬರಹಕ್ಕೆ ಆಧಾರವಾಗಿವೆ. ಪಟ್ಟಣಗಳಲ್ಲಿ ಮಕ್ಕಳು ಮೊಮ್ಮಕ್ಕಳನ್ನು ಉಳ್ಳ ನಮ್ಮ ಓದುಗ ಬಂಧುಗಳಿಗೆ ಇವು ಉಪಯುಕ್ತವಾದಾವೆಂದು ಭಾವಿಸುತ್ತೇವೆ.

ನೂರು ವರುಷಗಳ ಹಾದಿ

ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಸಂಗತಿ ಶಾಲೆಯ ಮಕ್ಕಳಿಗೂ ತಿಳಿದದ್ದೇ. ಅದು ಉಗಿಯ ಗಾಡಿ. ವಿದ್ಯುತ್ತಿನಿಂದ ಓಡುವ ಮೊದಲ ಗಾಡಿ ಹೊರಟದ್ದು 1925ರ ಫೆಬ್ರವರಿ 3ರಂದು, ಅದೇ ನಗರದ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. 1928ರಲ್ಲಿ ಪಶ್ಚಿಮದ ಕಡೆಯ ಹಳಿಗಳಲ್ಲಿಯೂ ಕೊಲಾಬಾದಿಂದ ಬೋರಿವಲಿಯವರೆಗೆ ವಿದ್ಯುತ್ ಗಾಡಿಗಳು ಓಡಾಡತೊಡಗಿದವು. ಅಂದು ಮೇಲ್ತಂತಿಯಲ್ಲಿ ಹರಿಯುತ್ತಿದ್ದುದು 1,500 ವೋಲ್ಟಿನ ಏಕಮುಖ ವಿದ್ಯುತ್ತು. ಅದೇ ಪದ್ಧತಿ ಎಂಬತ್ತು ವರುಷಗಳಿಗೂ ಮಿಕ್ಕಿ ನಡೆದುಬಂದಿತು.

ಜನ ಹೆಚ್ಚಿದಂತೆ ಆ ವಿದ್ಯುತ್ತು ಸಾಲದಾಯಿತು. ದೇಶದ ಇತರ ಮಾರ್ಗಗಳಲ್ಲಿರುವಂತೆ 25,000 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಹಂತಹಂತವಾಗಿ ಇಲ್ಲಿಗೂ ತರಲಾಯಿತು. ಪಶ್ಚಿಮ ರೈಲ್ವೆಯಲ್ಲಿ ಈ ಕಾರ್ಯ 2012ರಲ್ಲಿಯೂ, ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ 2015ರಲ್ಲಿಯೂ, ಹಾರ್ಬರ್ ಮಾರ್ಗದಲ್ಲಿ 2016ರಲ್ಲಿಯೂ ಮುಗಿಯಿತು. ನಡುವಿನ ವರುಷಗಳಲ್ಲಿ ಅರ್ಧ ದಾರಿ ಹಳೆಯ ವಿದ್ಯುತ್ತು, ಅರ್ಧ ದಾರಿ ಹೊಸ ವಿದ್ಯುತ್ತು. ಎರಡರಲ್ಲಿಯೂ ಓಡಬಲ್ಲ ಗಾಡಿಗಳು ಬೇಕಾದವು. ಸೀಮೆನ್ಸ್ ಸಂಸ್ಥೆಯ ವಿದ್ಯುತ್ ಉಪಕರಣಗಳುಳ್ಳ ಹೊಸ ಗಾಡಿಗಳು 2007ರಲ್ಲಿ, ಬೊಂಬಾರ್ಡಿಯರ್ ಸಂಸ್ಥೆಯ ಉಪಕರಣಗಳುಳ್ಳವು 2015ರಲ್ಲಿ ಪ್ರಯಾಣಿಕರ ಸೇವೆಗೆ ಬಂದವು. ನಾವು ಅಂದು ಮೊಗಸಾಲೆಯಿಂದ ಕಂಡ ಗಾಡಿಯಾದರೋ ಮುಂಬಯಿಯ ಮೊಟ್ಟಮೊದಲ ಹವಾನಿಯಂತ್ರಿತ ಲೋಕಲ್. ಚೆನ್ನೈನ ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ಅದು ನಿರ್ಮಾಣವಾಗಿತ್ತು. ಕುರ್ಲಾದ ಕಾರ್‌ಶೆಡ್ಡಿಗೆ ಅದು ಬಂದು ಸೇರಿದ್ದು 2016ರ ಏಪ್ರಿಲ್‌ನಲ್ಲಿ. ಜನರನ್ನು ಹತ್ತಿಸಿಕೊಂಡು ಹೊರಟದ್ದು 2017ರ ಡಿಸೆಂಬರ್ 25ರಂದು. ನಡುವೆ ಇಪ್ಪತ್ತು ತಿಂಗಳುಗಳು ಉರುಳಿದವು. ಆ ತಾಯಿಯ ಪ್ರಶ್ನೆಗೆ ಉತ್ತರವು ಈ ಇಪ್ಪತ್ತು ತಿಂಗಳುಗಳಲ್ಲಿದೆ.

ನಿಂತಲ್ಲಿ ನಡೆಯುವ ಪರೀಕ್ಷೆ

ಹೊಸ ಗಾಡಿಯ ಪರೀಕ್ಷೆಯಲ್ಲಿ ಎರಡು ಬಗೆ. ಗಾಡಿ ನಿಂತಿರುವಾಗ ಮಾಡುವಂಥದು ಒಂದು, ಓಡುವಾಗ ಮಾಡುವಂಥದು ಇನ್ನೊಂದು. ನಿಂತಿರುವಾಗಿನ ಪರೀಕ್ಷೆ ಕಾರ್ಖಾನೆಯಲ್ಲಿಯೇ ಮೊದಲಾಗುತ್ತದೆ. ಪ್ರತಿಯೊಂದು ಬೋಗಿಯನ್ನೂ ತೂಗುತ್ತಾರೆ. ಭಾರವು ಎಲ್ಲ ಚಕ್ರಗಳ ಮೇಲೆ ಸಮನಾಗಿ ಬೀಳುತ್ತಿದೆಯೋ ಇಲ್ಲವೋ ಎಂಬುದನ್ನು ಅಳೆಯುತ್ತಾರೆ. ಒಂದು ಚಕ್ರದ ಮೇಲೆ ಭಾರ ಹಗುರವಾದರೆ ತಿರುವಿನಲ್ಲಿ ಅದು ಹಳಿಯ ಮೇಲೇರುವ ಅಪಾಯವುಂಟು. ಮಳೆಯಂತೆ ನೀರು ಸುರಿಸಿ ಎಲ್ಲಿಯಾದರೂ ಒಸರುತ್ತದೆಯೇ ಎಂದು ನೋಡುತ್ತಾರೆ. ತಂತಿಗಳ ಹೊದಿಕೆಯು ಗಟ್ಟಿಯಾಗಿದೆಯೇ ಎಂಬುದನ್ನರಿಯಲು ವಾಡಿಕೆಗಿಂತ ಹೆಚ್ಚಿನ ವೋಲ್ಟೇಜು ಹಾಯಿಸುತ್ತಾರೆ.

ಬಾಗಿಲುಗಳ ಪರೀಕ್ಷೆಯಂತೂ ಬಹು ಸೂಕ್ಷ್ಮವಾದುದು. ತಾವಾಗಿ ಮುಚ್ಚಿಕೊಳ್ಳುವ ಬಾಗಿಲಿಗೆ ಕೈಯೋ ಚೀಲವೋ ಸೀರೆಯ ಸೆರಗೋ ಸಿಕ್ಕರೆ ಅದಕ್ಕೆ ಗೊತ್ತಾಗಬೇಕು, ಮತ್ತೆ ತೆರೆದುಕೊಳ್ಳಬೇಕು. ಒಂದೇ ಒಂದು ಬಾಗಿಲು ಪೂರ್ತಿ ಮುಚ್ಚದಿದ್ದರೂ ಮೋಟರ್‌ಮನ್ ಎಷ್ಟೇ ಯತ್ನಿಸಿದರೂ ಗಾಡಿ ಕದಲಬಾರದು. ವಿದ್ಯುತ್ತು ಹೋದಾಗ ಒಳಗಿನವರು ಕೈಯಿಂದ ಬಾಗಿಲು ತೆರೆದು ಹೊರಬರುವಂತಿರಬೇಕು. “ಒಂದ ಬಾಗಲಾ ನೂರ ಸಲ ಸರಿಯಾಗಿ ಮುಚ್ಚಿತಂದ್ರ ಸಾಲೂದಿಲ್ರಿ. ನೂರಾ ಒಂದನೇ ಸಲ ಒಬ್ಬ ಮುದುಕಿ ಕೈ ಅದರಾಗ ಇರಬಹುದು” ಎಂದರು ಆ ನಿವೃತ್ತ ಕೆಲಸಗಾರರು. ಅವರ ತಾಯಿ ಅಲ್ಲಿಯೇ ಕುಳಿತು ಕೇಳುತ್ತಿದ್ದರು.

ಮನುಷ್ಯರಿಗೆ ಬದಲಾಗಿ ಮೂಟೆಗಳು

ಆಮೇಲೆ ಗಾಡಿಯನ್ನು ಓಡಿಸಿ ನೋಡುವ ಸರದಿ. ಮೊದಲು ಖಾಲಿಯಾಗಿ, ಆಮೇಲೆ ಭಾರ ಹೇರಿ. ಪರೀಕ್ಷೆಗೆ ಬಂದ ಗಾಡಿಯನ್ನು ಮೊದಲು ಹತ್ತುವವರು ಮಂತ್ರಿಗಳಲ್ಲ, ಅಧಿಕಾರಿಗಳಲ್ಲ. ಮರಳಿನ ಮೂಟೆಗಳು!

ಮುಂಬಯಿಯ ಲೋಕಲ್ ಗಾಡಿಗಳನ್ನು ದಿನಂಪ್ರತಿ 70 ಲಕ್ಷಕ್ಕೂ ಮಿಕ್ಕಿದ ಜನರು ಏರಿ ಇಳಿಯುತ್ತಾರೆ. ದಟ್ಟಣೆಯ ಹೊತ್ತಿನಲ್ಲಿ ನಿಂತವರ ಲೆಕ್ಕವು ಒಂದು ಚದರ ಮೀಟರಿಗೆ 14ರಿಂದ 16 ಮಂದಿಯವರೆಗೆ ಏರುತ್ತದೆ. ಮನೆಯಲ್ಲಿ ಇಬ್ಬರು ಎದುರುಬದುರಾಗಿ ಊಟಕ್ಕೆ ಕೂಡುವಷ್ಟು ನೆಲದಲ್ಲಿ ಹದಿನಾರು ಜನರು ನಿಂತಿರುವುದನ್ನು ಓದುಗರು ಊಹಿಸಿಕೊಳ್ಳಬೇಕು. ಒಬ್ಬರಿಗೆ 60 ಕಿಲೋ ಎಂದು ಹಿಡಿದು, ಒಂದು ಬೋಗಿಯಲ್ಲಿ 400 ಜನರಿದ್ದಾರೆಂದುಕೊಂಡರೆ 24,000 ಕಿಲೋ ಆಯಿತು. 50 ಕಿಲೋ ತೂಕದ ಮೂಟೆಗಳಾದರೆ ಬೋಗಿಯೊಂದಕ್ಕೆ 480 ಬೇಕು. ಹನ್ನೆರಡು ಬೋಗಿಗಳಿಗೆ ಆರು ಸಾವಿರದ ಹತ್ತಿರ ಹತ್ತಿರ. ಕೂಲಿಕಾರರು ಅವನ್ನು ಹೊತ್ತು ಏರಿಸಬೇಕು, ಪರೀಕ್ಷೆ ಮುಗಿದ ಬಳಿಕ ಹೊತ್ತು ಇಳಿಸಬೇಕು. ಹೊಸ ಗಾಡಿಯ ಉದ್ಘಾಟನೆಯ ಚಿತ್ರದಲ್ಲಿ ಈ ಕೂಲಿಕಾರರ ಮುಖವನ್ನು ನಾವಾರೂ ಕಾಣುವುದಿಲ್ಲ.

ಇಷ್ಟು ಭಾರ ಹೇರುವುದೇತಕ್ಕೆ? ಬ್ರೇಕಿನ ಪರೀಕ್ಷೆಗೆ. ರಸ್ತೆಯ ಮೇಲಿನ ರಬ್ಬರಿನ ಗಾಲಿಗೆ ಹಿಡಿತವಿದೆ. ಉಕ್ಕಿನ ಹಳಿಯ ಮೇಲಿನ ಉಕ್ಕಿನ ಗಾಲಿಗೆ ಅಷ್ಟು ಹಿಡಿತವಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಯು ತುರ್ತಿನ ಬ್ರೇಕು ಹಾಕಿದ ಮೇಲೆಯೂ ನಿಲ್ಲಬೇಕಾದರೆ ಅರ್ಧ ಕಿಲೋಮೀಟರಿನಷ್ಟು ದೂರ ಬೇಕಾದೀತು. ಮುಂಬಯಿಯಲ್ಲಿ ಮೂರು ನಾಲ್ಕು ನಿಮಿಷಕ್ಕೊಂದರಂತೆ ಗಾಡಿಗಳು ಒಂದರ ಬೆನ್ನಿಗೊಂದು ಬರುತ್ತವೆ. ಕೆಂಪು ದೀಪ ಕಂಡ ಮೇಲೆ ಎಷ್ಟು ದೂರದಲ್ಲಿ ನಿಲ್ಲಬಲ್ಲುದೆಂಬುದು ಅಂಗುಲ ಅಂಗುಲವಾಗಿ ತಿಳಿದಿರಬೇಕು. ಹಗುರಾದ ಗಾಡಿಗೂ ತುಂಬಿದ ಗಾಡಿಗೂ ಈ ದೂರ ಬೇರೆಯಾಗದಂತೆ ಬ್ರೇಕಿನ ಬಲವು ಭಾರಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುವ ಏರ್ಪಾಡು ಹೊಸ ಗಾಡಿಗಳಲ್ಲಿರುತ್ತದೆ. ಆ ಏರ್ಪಾಡು ಹೇಳಿದಂತೆ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಮನುಷ್ಯರನ್ನು ಕೂಡಿಸಿ ನೋಡಲಾಗದು. ಅದಕ್ಕಾಗಿ ಮೂಟೆಗಳು.

ಇನ್ನೊಂದು ಪರೀಕ್ಷೆ ಓಲಾಟದ್ದು. ಲಖನೌದಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆಯ ತಜ್ಞರು ಗಾಡಿಯ ನೆಲಕ್ಕೂ ಚಕ್ರಗಳ ಚೌಕಟ್ಟಿಗೂ ಅಳತೆಯ ಯಂತ್ರಗಳನ್ನು ಜೋಡಿಸಿ, ಸ್ವಲ್ಪ ಸ್ವಲ್ಪವಾಗಿ ವೇಗ ಹೆಚ್ಚಿಸುತ್ತ ಹೋಗುತ್ತಾರೆ. ನಿತ್ಯದ ಓಟಕ್ಕೆ ಕೋರಿದ ವೇಗಕ್ಕಿಂತಲೂ ಒಂದು ಕೈ ಮೇಲೆ ಹೋಗಿ ನೋಡುವುದು ವಾಡಿಕೆ. ಗಾಡಿ ಮೇಲಕ್ಕೂ ಕೆಳಕ್ಕೂ ಎಷ್ಟು ಕುಪ್ಪಳಿಸುತ್ತದೆ, ಎಡಕ್ಕೂ ಬಲಕ್ಕೂ ಎಷ್ಟು ಹೊಯ್ದಾಡುತ್ತದೆ, ಹಳಿಯನ್ನು ಪಕ್ಕಕ್ಕೆ ಎಷ್ಟು ಒತ್ತುತ್ತದೆ ಎಂಬುದೆಲ್ಲ ಗೆರೆಗಳಾಗಿ ಮೂಡುತ್ತದೆ. ಆ ಗೆರೆಗಳು ಮಿತಿಯೊಳಗಿದ್ದರೆ ಮಾತ್ರ ಇಂಥ ಹಳಿಯ ಮೇಲೆ ಇಷ್ಟು ವೇಗದಲ್ಲಿ ಓಡಬಹುದೆಂಬ ಪ್ರಮಾಣಪತ್ರ ದೊರೆಯುತ್ತದೆ.

ಹಳಿಯೊಳಗಿನ ಗುಟ್ಟು

ನಮಗೆ ಅತ್ಯಂತ ಸೋಜಿಗವೆನಿಸಿದ ಪರೀಕ್ಷೆ ಕಣ್ಣಿಗೆ ಕಾಣದಂಥದು. ಹಳಿಯ ಮೇಲೆ ಗಾಡಿಯಿದೆಯೆಂಬುದು ಸಿಗ್ನಲ್ಲಿಗೆ ತಿಳಿಯುವುದು ಹೇಗೆ? ಹಲವೆಡೆ ಹಳಿಯಲ್ಲಿಯೇ ಒಂದು ಸಣ್ಣ ವಿದ್ಯುತ್ ಪ್ರವಾಹವನ್ನು ಹರಿಯಬಿಟ್ಟಿರುತ್ತಾರೆ. ಗಾಡಿ ಬಂದಾಗ ಅದರ ಚಕ್ರಗಳೂ ಅಚ್ಚೂ ಎರಡು ಹಳಿಗಳನ್ನು ಜೋಡಿಸಿಬಿಡುತ್ತವೆ. ಪ್ರವಾಹವು ಆ ದಾರಿ ಹಿಡಿಯುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಆದರೆ ಮೇಲ್ತಂತಿಯಿಂದ ಬಂದ ವಿದ್ಯುತ್ತು ಮೋಟಾರನ್ನು ತಿರುಗಿಸಿ ಮರಳಿ ಹೋಗುವುದೂ ಅದೇ ಹಳಿಯ ಮೂಲಕವೇ. ಹಳೆಯ ಮೋಟಾರುಗಳದು ಸರಳವಾದ ನಡೆ. ಹೊಸ ಮೋಟಾರುಗಳನ್ನು ನಡೆಸುವ ಎಲೆಕ್ಟ್ರಾನಿಕ್ ಉಪಕರಣಗಳು ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಕತ್ತರಿಸಿ ಕೂಡಿಸುತ್ತವೆ. ಅದರಿಂದೇಳುವ ಬಗೆಬಗೆಯ ಕಂಪನಗಳಲ್ಲಿ ಯಾವುದಾದರೂ ಒಂದು ಸಿಗ್ನಲ್ಲಿನ ಪ್ರವಾಹವನ್ನೇ ಹೋಲಿಬಿಟ್ಟರೆ ಗಾಡಿಯಿದ್ದ ಹಳಿಯನ್ನೂ ಖಾಲಿಯೆಂದು ಸಿಗ್ನಲ್ ಭ್ರಮಿಸಬಹುದು. ಇದರ ಪರಿಣಾಮವೇನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಆದ್ದರಿಂದ ಹೊಸ ಗಾಡಿಯನ್ನು ಹೊರಡಿಸಿ, ನಿಲ್ಲಿಸಿ, ಬ್ರೇಕು ಹಾಕಿಸಿ, ಪ್ರತಿ ನಡೆಯಲ್ಲಿಯೂ ಹಳಿಯ ಪ್ರವಾಹವನ್ನು ಅಳೆಯುತ್ತಾರೆ. ಗಾಡಿ ತಾನೊಂದೇ ಒಳ್ಳೆಯದಾಗಿದ್ದರೆ ಸಾಲದು, ನೆರೆಹೊರೆಗೂ ಕೇಡು ಮಾಡದಂತಿರಬೇಕು.

ಸೇತುವೆ ಹೇಳಿದ ಪಾಠ

ನಕ್ಷೆಯಲ್ಲಿ ಸರಿಯಾಗಿದ್ದುದು ನೆಲದ ಮೇಲೆ ತೊಡಕಾದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಆ ಮೊದಲ ಹವಾನಿಯಂತ್ರಿತ ಗಾಡಿಯನ್ನು ಮಧ್ಯ ರೈಲ್ವೆಯಲ್ಲಿ ಓಡಿಸಬೇಕೆಂದೇ ಕುರ್ಲಾಕ್ಕೆ ತಂದದ್ದು. ತಂಪು ಗಾಳಿಯ ಯಂತ್ರಗಳು ಮಾಳಿಗೆಯ ಮೇಲಿದ್ದುದರಿಂದ ಗಾಡಿಯು ನಿತ್ಯದ ಗಾಡಿಗಳಿಗಿಂತ ಕೆಲವೇ ಸೆಂಟಿಮೀಟರ್ ಎತ್ತರವಾಗಿತ್ತು. ಕುರ್ಲಾದಿಂದ ಛತ್ರಪತಿ ಶಿವಾಜಿ ಟರ್ಮಿನಸ್‌ವರೆಗಿನ ದಾರಿಯಲ್ಲಿಯಾದರೋ ಬ್ರಿಟಿಷರ ಕಾಲದ ತಗ್ಗಾದ ಸೇತುವೆಗಳು ಹಳಿಗಳ ಮೇಲೆ ಹಾದುಹೋಗಿದ್ದವು. 1,500 ವೋಲ್ಟಿನ ಕಾಲಕ್ಕೆ ಆ ಎತ್ತರ ಸಾಕಾಗಿತ್ತು. 25,000 ವೋಲ್ಟಿನ ವಿದ್ಯುತ್ತು ಗಾಳಿಯಲ್ಲಿ ಹೆಚ್ಚು ದೂರ ಕಿಡಿಯಾಗಿ ಹಾರಬಲ್ಲುದು. ಗಾಡಿಯ ಮಾಳಿಗೆ, ಮೇಲ್ತಂತಿ, ಸೇತುವೆಯ ತಳ, ಈ ಮೂರರ ನಡುವೆ ಅದಕ್ಕೆ ತಕ್ಕ ಅಂತರ ಬೇಕು. ಎತ್ತರದ ಗಾಡಿಗೆ ಆ ಅಂತರ ಸಾಲದಾಯಿತು.

ಕಡೆಗೆ ಗಾಡಿಯನ್ನು ಪಶ್ಚಿಮ ರೈಲ್ವೆಗೆ ಕೊಡಲಾಯಿತು. ನಾವು ಬೋರಿವಲಿಯಲ್ಲಿ ಅದನ್ನು ಕಾಣುವಂತಾದದ್ದು ಹೀಗೆ. ಮುಂದೆ ಎತ್ತರ ತಗ್ಗಿಸಿ ಕಟ್ಟಿದ ಗಾಡಿಗಳು ಬಂದ ಮೇಲೆ, 2020ರಲ್ಲಿ, ಮಧ್ಯ ರೈಲ್ವೆಯಲ್ಲಿಯೂ ಹವಾನಿಯಂತ್ರಿತ ಲೋಕಲ್‌ಗಳು ಓಡಾಡತೊಡಗಿದವು. ಹಳೆಯ ಸೇತುವೆಗಳನ್ನೂ ಒಂದೊಂದಾಗಿ ತೆಗೆಯುತ್ತ ಬಂದರು. ಹ್ಯಾಂಕಾಕ್ ಸೇತುವೆಯನ್ನು 2016ರ ಜನವರಿಯಲ್ಲಿ, ಕಾರ್ನಾಕ್ ಸೇತುವೆಯನ್ನು 2022ರ ನವೆಂಬರಿನಲ್ಲಿ ಕೆಡವಿದರು.

“ಅಳತೀ ಮೊದಲ ತಗೋಬೇಕಿತ್ತಲ್ಲ?” ಎಂದು ನಾವು ಕೇಳಿದಾಗ ಆ ಕೆಲಸಗಾರರು ನಕ್ಕು, “ಖರೇ ಅದರಿ ಗುರುಗಳ. ಆದ್ರ ತಪ್ಪು ಬರಿದ ಗಾಡಿ ಇದ್ದಾಗ ಗೊತ್ತಾತು, ಮಂದಿ ತುಂಬಿದಾಗ ಅಲ್ಲ. ಪರೀಕ್ಷಾ ಇರೂದ ಅದಕ್ಕ” ಎಂದರು. ತಪ್ಪು ಮಾಡದ ಮನುಷ್ಯನಿಲ್ಲ. ಆ ತಪ್ಪು ಯಾವ ಹೊತ್ತಿನಲ್ಲಿ ಬೆಳಕಿಗೆ ಬಂದಿತೆಂಬುದೇ ಮುಖ್ಯವೆಂದು ನಮಗೂ ತೋರಿತು.

ಪರೀಕ್ಷಕನು ಯಾರ ಕೈಕೆಳಗಿರಬೇಕು?

ಗಾಡಿ ಕಟ್ಟುವವರು ರೈಲ್ವೆಯವರು, ಓಡಿಸುವವರೂ ರೈಲ್ವೆಯವರು. ಸರಿಯಾಗಿದೆಯೆಂದು ಹೇಳುವವರೂ ಅವರೇ ಆದರೆ? ಈ ಸಂದೇಹ ಇಂದಿನದಲ್ಲ. ಇದಕ್ಕೊಂದು ದಾರುಣವಾದ ಹಿನ್ನೆಲೆಯಿದೆ. ಅದು ಉಗಿಯ ಕಾಲದ ಸಂಗತಿಯಾದರೂ ಇಂದಿನ ಪರೀಕ್ಷೆಗಳ ಕ್ರಮಕ್ಕೆ ಸಂಬಂಧಿಸಿದುದರಿಂದ ಹೇಳುತ್ತೇವೆ. 1937ರ ಜುಲೈನಲ್ಲಿ ಬಿಹಾರದ ಬಿಹಟಾದ ಬಳಿ ರೈಲೊಂದು ಹಳಿ ತಪ್ಪಿ ನೂರಕ್ಕೂ ಹೆಚ್ಚು ಜನರು ಮಡಿದರು. ಅದನ್ನೆಳೆಯುತ್ತಿದ್ದುದು ಎಕ್ಸ್‌ಬಿ ಎಂಬ ಹೊಸ ಮಾದರಿಯ ಎಂಜಿನು. ವೇಗ ಹೆಚ್ಚಿದಾಗ ಹಾವಿನಂತೆ ಅತ್ತಿತ್ತ ಹೊರಳಾಡುವ ದೋಷ ಆ ಜಾತಿಯ ಎಂಜಿನುಗಳಿಗಿತ್ತು. ಸಾಕಷ್ಟು ಓಡಿಸಿ ನೋಡುವ ಮುನ್ನವೇ ಅವನ್ನು ದೊಡ್ಡ ಸಂಖ್ಯೆಯಲ್ಲಿ ಕೊಂಡದ್ದು ಆಗ ಕಟುವಾದ ಟೀಕೆಗೆ ಗುರಿಯಾಯಿತು. ಇಂಗ್ಲೆಂಡಿನಿಂದ ಬಂದ ಕರ್ನಲ್ ಮೌಂಟ್ ಅವರ ನೇತೃತ್ವದ ಸಮಿತಿಯು ಈ ಎಂಜಿನುಗಳ ವಿಚಾರಣೆ ನಡೆಸಿತು. ಪರಿಶೀಲಕರು ರೈಲ್ವೆ ಮಂಡಳಿಯ ಅಧೀನದಲ್ಲಿರಬಾರದೆಂಬ ವಿಚಾರಕ್ಕೆ ಅದರ ವರದಿಯಿಂದ ಪುಷ್ಟಿ ದೊರೆಯಿತು.

1941ರ ಮೇ ತಿಂಗಳಿನಲ್ಲಿ ರೈಲ್ವೆ ಪರಿಶೀಲಕರನ್ನು ರೈಲ್ವೆ ಮಂಡಳಿಯಿಂದ ಬೇರ್ಪಡಿಸಿ ಅಂದಿನ ಅಂಚೆ ಮತ್ತು ವಿಮಾನ ಇಲಾಖೆಗೆ ಒಪ್ಪಿಸಿದರು. ಇಂದು ರೈಲ್ವೆ ಸುರಕ್ಷತಾ ಆಯುಕ್ತರೆಂದು ಕರೆಸಿಕೊಳ್ಳುವ ಇವರು ನಾಗರಿಕ ವಿಮಾನಯಾನ ಸಚಿವಾಲಯದ ಕೈಕೆಳಗಿದ್ದಾರೆ. ರೈಲಿನ ಯೋಗ್ಯತೆಯನ್ನು ನಿರ್ಣಯಿಸುವವರು ವಿಮಾನದ ಇಲಾಖೆಯವರೇಕೆ ಎಂದು ಮೊದಲು ನಮಗೆ ವಿಚಿತ್ರವೆನಿಸಿತ್ತು. ವಿಚಾರಿಸಿ ನೋಡಿದಾಗ ಅದರೊಳಗಿನ ವಿವೇಕ ವೇದ್ಯವಾಯಿತು. ಪಾಠ ಹೇಳಿದ ಗುರುವೇ ತನ್ನ ಶಿಷ್ಯನ ಉತ್ತರಪತ್ರಿಕೆ ತಿದ್ದಿದರೆ ಮಮತೆ ಅಡ್ಡಬರುತ್ತದೆ. ಗಡುವಿನ ಒತ್ತಡವಾಗಲಿ ಉದ್ಘಾಟನೆಯ ಅವಸರವಾಗಲಿ ಇಲ್ಲದವನು ಮಾತ್ರ ‘ಇನ್ನೂ ಆಗಿಲ್ಲ’ ಎಂದು ನಿರ್ಭಯವಾಗಿ ಹೇಳಬಲ್ಲನು.

ಯಾರೂ ಕೇಳದೆ ಬಿಟ್ಟ ಪ್ರಶ್ನೆ

ಇಷ್ಟಾಗಿಯೂ ಪರೀಕ್ಷೆಯೇ ಸರ್ವಸ್ವವೆಂದು ನಾವು ಹೇಳಲಾರೆವು. ಪರೀಕ್ಷೆಯು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಮುಂಬಯಿಯ ಸಾಮಾನ್ಯ ಲೋಕಲ್ ಗಾಡಿಗಳು ದಶಕಗಳ ಕಾಲ ಬಾಗಿಲು ತೆರೆದುಕೊಂಡೇ ಓಡುತ್ತ ಬಂದವು. ಬ್ರೇಕು, ಓಲಾಟ, ಸಿಗ್ನಲ್ ಎಲ್ಲದರಲ್ಲಿಯೂ ಅವು ಉತ್ತೀರ್ಣವಾದವುಗಳೇ. ಆದರೆ ಹದಿನಾರು ಜನರು ನಿಲ್ಲುವ ನೆಲದಲ್ಲಿ ಹದಿನೇಳನೆಯವನು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಯನ್ನು ಯಾವ ಮರಳಿನ ಮೂಟೆಯೂ ಕೇಳಲಿಲ್ಲ. ಮೂಟೆಯು ಬಾಗಿಲಿಗೆ ಜೋತುಬೀಳುವುದಿಲ್ಲ. ಮನೆಗೆ ಬೇಗ ಮುಟ್ಟಬೇಕೆಂಬ ತವಕ ಅದಕ್ಕಿಲ್ಲ.

2025ರ ಜೂನ್ 9ರಂದು ಠಾಣೆ ಜಿಲ್ಲೆಯ ಮುಂಬ್ರಾದ ಬಳಿ ಎದುರುಬದುರಾಗಿ ಹಾದುಹೋದ ಎರಡು ತುಂಬಿದ ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಯ ಮೇಲೆ ಬಿದ್ದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಬೆಳಗಿನ ಹೊತ್ತು ಕೆಲಸಕ್ಕೆ ಹೊರಟವರು ಅವರು. ಆ ದುರಂತದ ಬೆನ್ನಲ್ಲೇ ಹವಾನಿಯಂತ್ರಣವಿಲ್ಲದ ಹೊಸ ಲೋಕಲ್‌ಗಳಿಗೂ ತಾವಾಗಿ ಮುಚ್ಚುವ ಬಾಗಿಲುಗಳನ್ನು ಅಳವಡಿಸುವ ನಿರ್ಧಾರವನ್ನು ರೈಲ್ವೆಯವರು ಪ್ರಕಟಿಸಿದರು. ಬಾಗಿಲು ಮುಚ್ಚಿದರೆ ಇಷ್ಟು ದಟ್ಟಣೆಯಲ್ಲಿ ಉಸಿರು ಕಟ್ಟುವ ಭಯವುಂಟು. ಅದಕ್ಕೆಂದು ಬಾಗಿಲಿಗೆ ಗಾಳಿಯಾಡುವ ಪಟ್ಟಿಗಳನ್ನೂ, ಮಾಳಿಗೆಯಿಂದ ಹೊಸ ಗಾಳಿ ಊದುವ ಯಂತ್ರಗಳನ್ನೂ, ಜನರು ಒಂದು ಬೋಗಿಯಿಂದ ಇನ್ನೊಂದಕ್ಕೆ ಸರಿದುಹೋಗುವಂತೆ ನಡುವೆ ದಾರಿಯನ್ನೂ ಮಾಡುವ ಯೋಜನೆಯನ್ನು ಅಂದು ತಿಳಿಸಿದರು. ಇಂಥ ಗಾಡಿಗೆ ಪರೀಕ್ಷೆಯೂ ಹೊಸದಾಗಬೇಕಾಗುತ್ತದೆ. ಗಾಡಿ ನಿಲ್ಲುತ್ತದೆಯೇ ಎಂಬುದರ ಜೊತೆಗೆ, ಒಳಗಿನವನಿಗೆ ಉಸಿರಾಡಲಾಗುತ್ತದೆಯೇ, ಕೆಲವೇ ಸೆಕೆಂಡುಗಳ ನಿಲುಗಡೆಯಲ್ಲಿ ಮುದುಕರೂ ಬಸುರಿಯರೂ ಇಳಿಯಬಲ್ಲರೇ ಎಂದೂ ಕೇಳಬೇಕಾಗುತ್ತದೆ.

ನಮ್ಮ ಊರಿನ ಹಳಿಗಳು

ಇದು ಮುಂಬಯಿಯ ಮಾತಷ್ಟೇ ಅಲ್ಲ. ಬೆಂಗಳೂರಿನ ಮೆಟ್ರೋದ ಹಳದಿ ಮಾರ್ಗಕ್ಕೆ ಚಾಲಕರಿಲ್ಲದೆ ಓಡಬಲ್ಲ ಮೊದಲ ಗಾಡಿ ಬಂದದ್ದು 2024ರ ಫೆಬ್ರವರಿಯಲ್ಲಿ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಆ 19 ಕಿಲೋಮೀಟರ್ ಮಾರ್ಗದ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಗಾಡಿಗಳ ಪೂರೈಕೆ ತಡವಾದದ್ದೂ ವಿಳಂಬಕ್ಕೆ ದೊಡ್ಡ ಕಾರಣ. ಅದರ ಬಗ್ಗೆ ಜನರು ಅಸಮಾಧಾನಪಟ್ಟದ್ದು ನ್ಯಾಯವೇ. ಆದರೆ ಓಲಾಟ, ಬ್ರೇಕು, ಸಿಗ್ನಲ್‌ಗಳ ಪರೀಕ್ಷೆಗೂ ಸುರಕ್ಷತಾ ಆಯುಕ್ತರ ಪರಿಶೀಲನೆಗೂ ಹಿಡಿದ ಕಾಲವನ್ನು ಅದೇ ವಿಳಂಬದ ಲೆಕ್ಕಕ್ಕೆ ಸೇರಿಸಿ ಬೈಯುವುದು ಸಲ್ಲದು. ಆಲಸ್ಯದ ತಡ ಬೇರೆ, ಎಚ್ಚರದ ತಡ ಬೇರೆ. ಇವೆರಡನ್ನು ಬೇರ್ಪಡಿಸಿ ನೋಡುವ ವಿವೇಕ ನಮಗಿರಬೇಕು.

ಬೆಂಗಳೂರಿನ ಉಪನಗರ ರೈಲಿನ ಯೋಜನೆಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ದೊರೆತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ನಾಲ್ಕು ಮಾರ್ಗಗಳು, ಒಟ್ಟು 148 ಕಿಲೋಮೀಟರ್. ಆ ಹಳಿಗಳ ಮೇಲೆ ಮೊದಲ ಗಾಡಿ ಬಂದ ದಿನ ಅದೂ ಖಾಲಿಯಾಗಿಯೇ ಓಡಾಡೀತು. ಆಗ ನಮ್ಮ ಮನೆಗಳ ಹಿರಿಯರು ಅದೇ ಪ್ರಶ್ನೆ ಕೇಳಿಯಾರು. ಉತ್ತರ ಹೇಳಬೇಕಾದ ಕಿರಿಯರಿಗೆ ಈ ಬರಹ ನೆನಪಿಗೆ ಬಂದರೆ ನಮ್ಮ ಶ್ರಮ ಸಾರ್ಥಕ.

ಕೊನೆಯ ಮಾತು

ಅಂದು ರಾತ್ರಿ ಮಗನ ವಿವರಣೆಯನ್ನೆಲ್ಲ ಕೇಳಿದ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಆತು ಬಿಡು, ಚೀಲಾ ಹೇರಿ ನೋಡಲಿ. ನನ್ನ ಮೊಮ್ಮಗ ಚೀಲಕ್ಕಿಂತ ಹೆಚ್ಚಲ್ಲೇನು?” ಎಂದರು. ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದಾಯಿತು. ಹುಡುಗನು ಬೆವೆತು, ಅಂಗಿಯ ಗುಂಡಿ ಕಿತ್ತುಕೊಂಡು ಒಳಬಂದನು. ಅಜ್ಜಿ ಎದ್ದು ತಟ್ಟೆ ಹಾಕಿದರು.

ಮುಂದಿನ ಸಲ ನಾವು ಹೋದಾಗ ಆ ಹೊಸ ಗಾಡಿ ಜನರನ್ನು ಹತ್ತಿಸಿಕೊಂಡು ಓಡಾಡುತ್ತಿತ್ತು. ಅದರ ಟಿಕೆಟ್ಟಿನ ದರ ಮೊಮ್ಮಗನ ಸಂಬಳಕ್ಕೆ ದುಬಾರಿಯೆನಿಸಿದ್ದರಿಂದ ಅವನು ಹಳೆಯ ಗಾಡಿಯಲ್ಲಿಯೇ ಹೋಗಿ ಬರುತ್ತಿದ್ದನು. ಇದೂ ಆ ಪರೀಕ್ಷೆಗಳಾವುವೂ ಕೇಳದೆ ಬಿಟ್ಟ ಪ್ರಶ್ನೆಯೇ. ಆದರೆ ಅವನು ಅಜ್ಜಿಗೆ ಒಂದು ಮಾತು ಕೊಟ್ಟಿದ್ದನು: ಬಾಗಿಲಿಗೆ ಜೋತುಬೀಳುವುದಿಲ್ಲ, ತುಂಬಿದ ಗಾಡಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತೇನೆ ಎಂದು. ಅದರಿಂದ ಅವನು ಮನೆ ಸೇರುವುದು ಕಾಲು ಗಂಟೆ ತಡವಾಗುತ್ತಿತ್ತು. ಆ ಕಾಲು ಗಂಟೆಯನ್ನು ಅಜ್ಜಿ ಸಂತೋಷದಿಂದ ಕಾಯುತ್ತಿದ್ದರು.

ಪಟ್ಟಣಗಳಲ್ಲಿರುವ ನಮ್ಮ ಮಕ್ಕಳೂ ಇಂಥದೊಂದು ಮಾತನ್ನು ತಮ್ಮ ಮನೆಯ ಹಿರಿಯರಿಗೆ ಕೊಡಲೆಂದು ನಾವು ಹಾರೈಸುತ್ತೇವೆ.